ಅಡಿಕೆ ಕಣದ ಮೇಲೆ ಮೂರು ಡ್ರೋನ್

ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶದ ಫೋಟೋ ತೆಗೆಯುವುದು ನನ್ನ ಕೆಲಸ. ಡ್ರೋನ್ ಅಂದರೆ ಎಲ್ಲರೂ ವಿಡಿಯೋ ಬಗ್ಗೆಯೇ ಕೇಳ್ತಾರೆ. ಸ್ಟಿಲ್ ಫೋಟೋ ಹೇಗೆ ಬರುತ್ತೆ ಅಂತ ಕೇಳುವವರು ಕಡಿಮೆ. ನನಗೂ ಅದರ ಬಿಸಿ ತಟ್ಟಿದ್ದು ಚನ್ನಗಿರಿ ಕಡೆಯ ಒಬ್ಬ ಗೌಡ್ರಿಂದ. ಹೊಸ ಮನೆಯ ಹಾಲ್‌ಗೆ ಅವರ ತೋಟ, ಮನೆ, ಅಡಿಕೆ ಕಣ ಎಲ್ಲಾ ಸೇರಿದ ಒಂದು ಉದ್ದನೆ ಫೋಟೋ ಬೇಕಿತ್ತು. ನನ್ನ ಹತ್ತಿರ ಇದ್ದದ್ದು ಡಿಜೆಐ ಕಂಪನಿಯ ಮಿನಿ 2 ಡ್ರೋನ್. ಒಂದೇ ಒಂದು ಜೆಪೆಗ್ ತೆಗೆದೆ, ಆಲ್ಬಮ್ ಶೀಟಿನ ಅಳತೆಗೆ, ಅಂದರೆ 12x36 ಇಂಚಿಗೆ, ಪ್ರಿಂಟ್ ಹಾಕಿಸಿದೆ. ಮೊಬೈಲಲ್ಲಿ ಚಿನ್ನದಂತಿದ್ದ ಫೋಟೋ ಗೋಡೆ ಮೇಲೆ ಕೆರೆ ಪಾಚಿ ಆಗಿತ್ತು. ಅಡಿಕೆ ಗರಿ ಒಂದಕ್ಕೊಂದು ಅಂಟಿಕೊಂಡಿದ್ದವು. ತಪ್ಪು ನನ್ನದೇ. ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಮಿನಿ 2 ಫೋಟೋದ ಅಗಲ 4000 ಪಿಕ್ಸೆಲ್. ಅದನ್ನು 36 ಇಂಚಿಗೆ ಎಳೆದರೆ ಇಂಚಿಗೆ 111 ಚುಕ್ಕಿ ಮಾತ್ರ.

ಹೊಸ ಡ್ರೋನ್ ತಗೊಳ್ಳೋಣ ಅಂದರೆ ಅದೂ ಸುಲಭವಿಲ್ಲ. 2022ರ ಫೆಬ್ರವರಿಯಿಂದ ವಿದೇಶದ ಡ್ರೋನ್ ಆಮದಿಗೆ ನಿಷೇಧ ಇದೆ. ಸೆಕೆಂಡ್ ಹ್ಯಾಂಡ್‌ಗೆ ಕೈ ಹಾಕಬೇಕು. ಅಷ್ಟು ದುಡ್ಡು ಸುರಿಯುವ ಮೊದಲು ಪಕ್ಕಪಕ್ಕ ಇಟ್ಟು ನೋಡೋಣ ಅನ್ನಿಸಿತು. ಹರಿಹರದ ಗೆಳೆಯನ ಹತ್ತಿರ ಅದೇ ಕಂಪನಿಯ ಏರ್ 2ಎಸ್ ಇತ್ತು. ಚಿತ್ರದುರ್ಗದ ಇನ್ನೊಬ್ಬನ ಹತ್ತಿರ ಮಿನಿ 3 ಪ್ರೊ. ಮೂವರೂ ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಸೇರಿದೆವು. ದುರ್ಗದವನಿಗೆ ಕೋಟೆ ಮೇಲೇ ಹಾರಿಸುವ ಆಸೆ. ಆದರೆ ಅದು ಪುರಾತತ್ವ ಇಲಾಖೆಯ ಸ್ಮಾರಕ, ಅನುಮತಿ ಇಲ್ಲದೆ ಆಗಲ್ಲ. ಗೌಡ್ರ ತೋಟವೇ ವಾಸಿ, ಸರ್ಕಾರದ ಡ್ರೋನ್ ನಕ್ಷೆಯಲ್ಲೂ ಅದು ಹಸಿರು ವಲಯ, ಅಂದರೆ ಅನುಮತಿ ಕೇಳದೆ ಹಾರಿಸಬಹುದಾದ ಜಾಗ, ಅಂತ ಹೊರಟೆವು.

ಮೊದಲ ಸುತ್ತು ಪೂರ್ತಿ ವ್ಯರ್ಥ. ನನ್ನ ಮಿನಿ 2 ಫೋಟೋಗಳು ಎಷ್ಟು ಮಂಕಾಗಿದ್ದವು ಅಂದರೆ ಗೆಳೆಯರಿಬ್ಬರೂ ನಗಲು ಶುರು ಮಾಡಿದರು. ಬಿಸಿಲು ಎದುರಾದ ಕಡೆಯೆಲ್ಲ ಹಾಲು ಚೆಲ್ಲಿದ ಹಾಗೆ ಮಬ್ಬು. ಆಮೇಲೆ ಲೆನ್ಸ್ ನೋಡಿದರೆ ಒಂದು ಬೆರಳಚ್ಚು. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು, ಕೈ ಸರಿಯಾಗಿ ಒರೆಸದೆ ಗಿಂಬಲ್ ಕವರ್ ತೆಗೆದಿದ್ದೆ. ಕನ್ನಡಕದ ಬಟ್ಟೆಯಲ್ಲಿ ಒರೆಸಿ ಎರಡನೇ ಸುತ್ತು ಶುರು. ಯಾರಾದರೂ ತಮ್ಮ ಡ್ರೋನ್ ಫೋಟೋ ಸರಿ ಇಲ್ಲ ಅಂದರೆ ನಾನು ಈಗ ಮೊದಲು ಕೇಳುವುದು ಲೆನ್ಸ್ ಒರೆಸಿದ್ರಾ ಅಂತ.

ಸೆನ್ಸರ್, ಅಂದರೆ ಕ್ಯಾಮೆರಾ ಒಳಗೆ ಬೆಳಕು ಹಿಡಿಯುವ ಚಿಪ್, ಅದರ ಅಳತೆ ಹೇಳಿಬಿಡ್ತೀನಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಮಿನಿ 2ರದ್ದು 1/2.3 ಇಂಚು, 12 ಮೆಗಾಪಿಕ್ಸೆಲ್. ಮಿನಿ 3 ಪ್ರೊದ್ದು 1/1.3 ಇಂಚು, 48 ಮೆಗಾಪಿಕ್ಸೆಲ್. ಏರ್ 2ಎಸ್‌ದು 1 ಇಂಚು, 20 ಮೆಗಾಪಿಕ್ಸೆಲ್. ಈ ಇಂಚು ಬರೀ ಹೆಸರಿಗೆ. ಹಳೇ ಟಿವಿ ಕ್ಯಾಮೆರಾ ಟ್ಯೂಬ್ ಕಾಲದಿಂದ ಉಳಿದುಕೊಂಡ ಲೆಕ್ಕ. 1 ಇಂಚಿನ ಸೆನ್ಸರ್‌ನ ನಿಜವಾದ ಅಗಲ 13.2 ಮಿ.ಮೀ., ಎತ್ತರ 8.8 ಮಿ.ಮೀ. ಆದರೂ ಮಿನಿ 2ರ ಸೆನ್ಸರ್‌ಗಿಂತ ನಾಲ್ಕು ಪಟ್ಟು ಜಾಗ.

ಮೂರಕ್ಕೂ ಐಎಸ್‌ಒ (ಇದನ್ನು ಏರಿಸಿದಷ್ಟು ಫೋಟೋ ಬೆಳಗುತ್ತೆ, ಕಾಳು ಕಾಳೂ ಆಗುತ್ತೆ) 100, ವೈಟ್ ಬ್ಯಾಲೆನ್ಸ್ 5500ಕ್ಕೆ ಕಟ್ಟಿ ಹಾಕಿದೆವು. ಆಟೋ ಬಿಟ್ಟರೆ ಒಂದು ಹಳದಿ, ಒಂದು ನೀಲಿ, ಹೋಲಿಸೋಕೇ ಆಗಲ್ಲ. ರಾ (ಕ್ಯಾಮೆರಾ ತಿದ್ದದ ಕಚ್ಚಾ ಫೈಲ್) ಮತ್ತು ಜೆಪೆಗ್ (ಕ್ಯಾಮೆರಾ ತಾನೇ ತಿದ್ದಿ ಕೊಡುವುದು) ಎರಡೂ. ಡ್ರೋನ್ ಜಾಗಕ್ಕೆ ಹೋಗಿ ನಿಂತ ಮೇಲೆ ಐದು ಎಣಿಸಿ, ಆಮೇಲೆ ಕ್ಲಿಕ್. ಒಂದೊಂದು ದೃಶ್ಯಕ್ಕೆ ಐದು ಫೋಟೋ.

ಮೂರನ್ನೂ ಸುಮ್ನೆ 30 ಮೀಟರ್‌ಗೆ ಏರಿಸಿ ಕ್ಲಿಕ್ ಮಾಡಿದಾಗ ಒಂದು ತಮಾಷೆ ಆಯಿತು. ಕ್ಯಾಮೆರಾ ನೇರ ಕೆಳಗೆ ನೋಡುವಾಗ ಮಿನಿ 2ರ ಒಂದು ಪಿಕ್ಸೆಲ್ ನೆಲದ ಮೇಲೆ ಹೆಚ್ಚುಕಮ್ಮಿ 1.1 ಸೆಂ.ಮೀ. ಏರ್ 2ಎಸ್‌ದು 0.9 ಸೆಂ.ಮೀ. ಇಷ್ಟೇನಾ ಅಂತ ಗೆಳೆಯನ ಮುಖ ಸಪ್ಪಗಾಯಿತು. ಕಾರಣ ಲೆನ್ಸು. ಮಿನಿ 2ರದ್ದು ದೊಡ್ಡ ಕ್ಯಾಮೆರಾದ 24 ಮಿ.ಮೀ. ಲೆನ್ಸಿಗೆ ಸಮ, ಏರ್ 2ಎಸ್‌ದು 22. ಸ್ವಲ್ಪ ಜಾಸ್ತಿ ಅಗಲ ನೋಡುತ್ತೆ, ಹಾಗಾಗಿ ಹೆಚ್ಚಿನ ಪಿಕ್ಸೆಲ್ ಅಲ್ಲೇ ಖರ್ಚು. ಏರ್ 2ಎಸ್ ಅನ್ನು ಇದ್ದ ಎತ್ತರದಿಂದ ಮೂರೂವರೆ ಮೀಟರ್ ಕೆಳಗಿಳಿಸಿ, ಕಣದ ಎರಡೂ ಅಂಚು ಚೌಕಟ್ಟಿಗೆ ಸರಿಯಾಗಿ ಕೂರಿಸಿದಾಗ 0.8ಕ್ಕೆ ಬಂತು. ಎತ್ತರ ಸಮ ಮಾಡಬಾರದು, ಚೌಕಟ್ಟು ಸಮ ಮಾಡಬೇಕು. ಇದು ಹೊಳೆಯೋಕೆ ನಮಗೆ ಒಂದು ಬ್ಯಾಟರಿ ಹಿಡಿಯಿತು.

ಕಣದಲ್ಲಿ ಬೇಯಿಸಿದ ಅಡಿಕೆ ಹರವಿದ್ದರು, ಚೊಗರಿನ ಕೆಂಪು ಇನ್ನೂ ಆರಿರಲಿಲ್ಲ. ಪಕ್ಕದಲ್ಲಿ ಹಂಚಿನ ಮನೆ, ಹಗ್ಗದ ಮೇಲೆ ಒಂದು ಚೌಕಳಿ ಸೀರೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಆ ಸೀರೆಯನ್ನೇ ನೋಡುತ್ತಾ ಕೂತೆ. ಮಿನಿ 2ರ ಜೆಪೆಗ್‌ನಲ್ಲಿ ಅದು ಒಂದು ನೇರಳೆ ಬಟ್ಟೆ, ಅಷ್ಟೇ. ಅದೇ ಕ್ಲಿಕ್ಕಿನ ರಾ ಫೈಲ್ ತೆರೆದರೆ ಚೌಕಳಿ ಇದೆ ಅನ್ನೋದು ತಿಳಿಯುತ್ತೆ. ಕ್ಯಾಮೆರಾ ಒಳಗೇ ಫೋಟೋದ ಮರಳಿನಂಥ ಕಾಳು ಒರೆಸುವಾಗ ಸೀರೆಯನ್ನೂ ಒರೆಸಿಬಿಟ್ಟಿತ್ತು. ಏರ್ 2ಎಸ್‌ನಲ್ಲಿ ಚೌಕಳಿ ಎಣಿಸಬಹುದಿತ್ತು.

ಮಿನಿ 3 ಪ್ರೊದ 48 ಮೆಗಾಪಿಕ್ಸೆಲ್ ಮೇಲೆ ನನಗೆ ಜಾಸ್ತಿ ಕುತೂಹಲ. ಅಗಲ 8064 ಪಿಕ್ಸೆಲ್, ಲೆಕ್ಕದ ಪ್ರಕಾರ ಎಲ್ಲವನ್ನೂ ಸೋಲಿಸಬೇಕು. ಹಂಚಿನ ಸಾಲು ನಿಜಕ್ಕೂ ಚೂಪಾಗಿತ್ತು. ಆದರೆ ಗರಿ, ಹುಲ್ಲು, ಸೀರೆಯಲ್ಲಿ ಏರ್ 2ಎಸ್‌ನ 20ಕ್ಕಿಂತ ಮೇಲೆ ಅಂತ ನಾನು ಹೇಳಲಾರೆ. ಅದರ ಸೆನ್ಸರ್‌ನಲ್ಲಿ ನಾಲ್ಕು ನಾಲ್ಕು ಪಿಕ್ಸೆಲ್ ಒಂದೇ ಬಣ್ಣದ ಫಿಲ್ಟರ್ ಕೆಳಗೆ ಕೂತಿರುತ್ತವೆ. ಬಣ್ಣದ ವಿವರ ಮಟ್ಟಿಗೆ ಅದು 12ರ ಕ್ಯಾಮೆರಾ. ಒಳ್ಳೆ ಬಿಸಿಲಿದ್ದರೆ 48 ಇಡಿ, ಇಲ್ಲದಿದ್ದರೆ 12ರಲ್ಲೇ ಇರಿ. ಇನ್ನೊಂದು, ಅದರ ಕ್ಯಾಮೆರಾ ಮಗ್ಗುಲಿಗೆ ತಿರುಗಿ, ಮೊಬೈಲ್ ನೆಟ್ಟಗೆ ಹಿಡಿದ ಹಾಗೆ ಎತ್ತರದ ಫೋಟೋ ತೆಗೆಯುತ್ತೆ. ಸ್ಟೇಟಸ್ ಹಾಕುವ ಹುಡುಗರಿಗೆ ಅದೊಂದೇ ಸಾಕು.

ಸಂಜೆ ಗಾಳಿ ಎದ್ದಿತು. ಮೋಡ ಬೇರೆ. ಮಿನಿ 2 ಶಟರ್ ಸೆಕೆಂಡಿನ 1/50ಕ್ಕೆ ಇಳಿಯಿತು, ಐದರಲ್ಲಿ ಎರಡು ಅಲುಗಾಡಿದ್ದವು. 249 ಗ್ರಾಂ ಪಾಪ ಎಷ್ಟು ಅಂತ ತಡೆದುಕೊಳ್ಳುತ್ತೆ? ತೋಟದ ನೆರಳನ್ನು ರಾ ಫೈಲ್‌ನಲ್ಲಿ ಎತ್ತಿದರೆ ನೇರಳೆ ಕಲೆ. ಮೂರರ ಪೈಕಿ ಏರ್ 2ಎಸ್‌ನ ನೆರಳೇ ಹೆಚ್ಚು ಶುದ್ಧ. 595 ಗ್ರಾಂ ಇರುವುದರಿಂದ ಗಾಳಿಗೂ ಅಷ್ಟು ಜಗ್ಗಲಿಲ್ಲ. ಆದರೆ ತೆಂಗಿನ ಗರಿ ಸುಮ್ಮನಿರಬೇಕಲ್ಲ. ಗರಿ ನಿಲ್ಲಲಿ ಅಂತ ಶಟರನ್ನು 1/125ಕ್ಕೆ ಏರಿಸಿದ ಕೂಡಲೇ ಆಟ ಬದಲಾಯಿತು. ಏರ್ 2ಎಸ್ ಲೆನ್ಸ್ ಎಫ್ 2.8 (ಈ ಅಂಕಿ ಕಮ್ಮಿ ಇದ್ದಷ್ಟು ಬೆಳಕು ಜಾಸ್ತಿ), ಐಎಸ್‌ಒ 200 ದಾಟಲೇಬೇಕಾಯಿತು. ಮಿನಿ 3 ಪ್ರೊದ್ದು ಎಫ್ 1.7, ಸುಮಾರು 2.7 ಪಟ್ಟು ಬೆಳಕು ಒಳಗೆ ಬಿಡುತ್ತೆ, ಅದು 100ರಲ್ಲೇ ಇತ್ತು. ಆ ಫೋಟೋಗಳಲ್ಲಿ ನನ್ನ ಕಣ್ಣಿಗೆ ಮಿನಿ 3 ಪ್ರೊವೇ ಒಂದು ಕೈ ಮೇಲು. ದುರ್ಗದವನು ಬೈಕ್ ಹತ್ತುವವರೆಗೂ ಅದನ್ನೇ ಹೇಳಿದ.

ಹಾಗಾದರೆ ನಾನು ಯಾವುದು ತಗೊಂಡೆ? ಸದ್ಯಕ್ಕೆ ಯಾವುದೂ ಇಲ್ಲ. ಏರ್ 2ಎಸ್ ಮೇಲೆ ಮನಸ್ಸಿದೆ. ಆದರೆ ಅದು 250 ಗ್ರಾಂ ಮೇಲಿನದು, ದುಡಿಮೆಗೆ ಹಾರಿಸೋಕೆ 2021ರ ಡ್ರೋನ್ ನಿಯಮದ ಪ್ರಕಾರ ಪೈಲಟ್ ಪ್ರಮಾಣಪತ್ರ ಬೇಕು. ಹರಿಹರದವನ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಅಷ್ಟರಲ್ಲಿ ಗೌಡ್ರ ಕೆಲಸ ಮುಗಿಸಬೇಕಿತ್ತಲ್ಲ. ಒಂದು ಬೆಳಿಗ್ಗೆ ಒಬ್ಬನೇ ಹೋಗಿ, ಮಿನಿ 2 ಅನ್ನು ಒಂದೇ ಕಡೆ ನಿಲ್ಲಿಸಿ, ಎಡದಿಂದ ಬಲಕ್ಕೆ ತಿರುಗಿಸುತ್ತಾ ಮೂರು ಫೋಟೋ ತೆಗೆದೆ. ಒಂದರ ಮೇಲೊಂದು ಮೂರನೇ ಒಂದು ಭಾಗ ಬರುವ ಹಾಗೆ. ಎಕ್ಸ್‌ಪೋಷರ್ ಲಾಕ್, ರಾ ಫೈಲ್. ಸೇರಿಸಿದಾಗ ಅಗಲ 9000 ಪಿಕ್ಸೆಲ್ ಹತ್ತಿರ ಬಂತು. 36 ಇಂಚಿಗೆ ಇಂಚಿಗೆ 250 ಚುಕ್ಕಿ. ಏರ್ 2ಎಸ್‌ನ ಒಂದು ಫೋಟೋ ಕೊಡುವುದು 152.

ಪ್ರಿಂಟ್ ನೋಡಿ ಗೌಡ್ರು ತುಂಬಾ ಹೊತ್ತು ಮಾತಾಡಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋದರು. ಆಮೇಲೆ, "ಅಲ್ಲಪ್ಪಾ, ನಮ್ಮವ್ವ ಎರಡು ಕಡೆ ಇದಾಳಲ್ಲೋ" ಅಂದರು. ಹೌದು. ಮೊದಲ ಫೋಟೋಗೆ ಅಜ್ಜಿ ಕೊಟ್ಟಿಗೆ ಹತ್ತಿರ ಇದ್ದರು. ಮೂರನೆಯದರ ಹೊತ್ತಿಗೆ ಕಣಕ್ಕೆ ಬಂದು ಅಡಿಕೆ ಆಡಿಸ್ತಾ ಇದ್ದರು. ನಾನು ಗಮನಿಸಿಯೇ ಇರಲಿಲ್ಲ. "ಒಂದು ಕಡೆ ಅಳಿಸಿ ಬೇರೆ ಹಾಕಿಸಿಕೊಡ್ತೀನಿ ಗೌಡ್ರೇ" ಅಂದೆ.

"ಬ್ಯಾಡ ಬಿಡು. ಅವ್ಳು ದಿನಾ ಇರೋದೇ ಹಂಗೆ" ಅಂದರು.