ಹಳೇ ಸೈಕಲ್ ಫ್ರೇಮಿಗೆ ಎಂಜಿನ್ ಕೂರಿಸುವುದು ಹೇಗೆ? ಮೊದಲು ಬ್ರೇಕು, ಆಮೇಲೆ ಮಿಕ್ಕಿದ್ದು

ಮೊದಮೊದಲ ಮೋಟಾರ್ ಸೈಕಲ್‌ಗಳನ್ನು ನೋಡಿದರೆ ಅವು ಎಂಜಿನ್ ಕಟ್ಟಿದ ಸೈಕಲ್‌ಗಳೇ. 1897ರಲ್ಲಿ ಪ್ಯಾರಿಸ್ಸಿನ ವೆರ್ನರ್ ಸಹೋದರರು ಎಂಜಿನ್ನನ್ನು ಮುಂದಿನ ಚಕ್ರದ ಮೇಲೆ ಕೂರಿಸಿದ್ದರು. ಭಾರ ಅಷ್ಟು ಮೇಲಿದ್ದರೆ ಗಾಡಿ ಜಾರದೆ ಇರುತ್ತದಾ? 1901ರಲ್ಲಿ ಅವರೇ ಎಂಜಿನ್ನನ್ನು ಕೆಳಗಿಳಿಸಿ ಪೆಡಲಿನ ಜಾಗಕ್ಕೆ ತಂದರು. ಇವತ್ತಿಗೂ ಎಂಜಿನ್ನಿಗೆ ಅದೇ ಸರಿಯಾದ ಜಾಗ. ಫ್ರೇಮಿನ ತ್ರಿಕೋನದೊಳಗೆ, ಎಷ್ಟು ಕೆಳಗೆ ಕೂರುತ್ತದೋ ಅಷ್ಟು ಕೆಳಗೆ.

ಆ ಕಾಲದ ಗಾಡಿಯ ಚಂದ ನಿಮಗೂ ಬೇಕು ಅನಿಸಿದ್ದರೆ ಒಂದು ಹಳೇ ಫ್ರೇಮು, ಒಂದು ಸಣ್ಣ ಎಂಜಿನ್ ಕಿಟ್ಟು, ಒಂದಷ್ಟು ವಾರಾಂತ್ಯಗಳು ಇದ್ದರೆ ಸಾಕು. ಒಂದೇ ಮಾತು ಕೇಳಿ. ಎಂಜಿನ್ ಡಬ್ಬ ಬಂದ ದಿನವೇ ಅದನ್ನು ಫ್ರೇಮಿಗೆ ಬಿಗಿಯಲು ಕೂರಬೇಡಿ. ಎಲ್ಲರಿಗೂ ಆ ಆಸೆ ಇರುತ್ತದೆ, ನನಗೂ ಇತ್ತು. ಆದರೆ ಕೆಲಸ ಶುರುವಾಗಬೇಕಾದ್ದು ಫ್ರೇಮು, ಚಕ್ರ, ಬ್ರೇಕಿನಿಂದ.

ಫ್ರೇಮು ಗಟ್ಟಿ ಇದೆಯಾ?

ಉಕ್ಕಿನ ಫ್ರೇಮೇ ಬೇಕು. ಅಲ್ಯೂಮಿನಿಯಂ ಬೇಡ, ಅದುರಿ ಅದುರಿ ಅದು ಮುನ್ಸೂಚನೆ ಕೊಡದೆ ಬಿರಿಯುತ್ತದೆ. ಉಕ್ಕು ಸಾಮಾನ್ಯವಾಗಿ ಮೊದಲು ಬಾಗುತ್ತದೆ, ಅಥವಾ ಪೇಂಟಿನ ಮೇಲೆ ಕೂದಲೆಳೆಯಂಥ ಗೆರೆ ತೋರಿಸುತ್ತದೆ. ಹ್ಯಾಂಡಲ್ ಕೂರುವ ಕೊಳವೆಯ ಸುತ್ತ, ಪೆಡಲ್ ಅಚ್ಚಿನ ಕೆಳಗೆ, ಹಿಂದಿನ ಚಕ್ರ ಸಿಕ್ಕಿಸುವ ಸೀಳುಗಳ ಹತ್ತಿರ ಪೇಂಟು ಕೆರೆದು ನೋಡಿ. ಬಿರುಕು ಕಂಡರೆ ಆ ಫ್ರೇಮನ್ನು ಬಿಟ್ಟುಬಿಡಿ.

ಫ್ರೇಮು ಸೊಟ್ಟ ಇದೆಯಾ ಎಂದು ತಿಳಿಯಲು ಒಂದು ದಾರ ಸಾಕು. ಒಂದು ಕಡೆಯ ಹಿಂದಿನ ಸೀಳಿಗೆ ದಾರ ಕಟ್ಟಿ, ಹ್ಯಾಂಡಲ್ ಕೊಳವೆಯನ್ನು ಬಳಸಿ ತಂದು, ಇನ್ನೊಂದು ಕಡೆಯ ಸೀಳಿಗೆ ಎಳೆದು ಬಿಗಿಯಿರಿ. ಈಗ ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರವನ್ನು ಎಡಕ್ಕೂ ಬಲಕ್ಕೂ ಅಳೆಯಿರಿ. ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮೂರ್ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬಂದರೆ ಮುಂದೆ ಚೈನು ಯಾವತ್ತೂ ನೇರ ಓಡುವುದಿಲ್ಲ.

ಎಂಜಿನ್ ಕಿಟ್‌ಗಳ ಹಿಡಿತಗಳನ್ನು (ಕ್ಲ್ಯಾಂಪು) ಸಾಮಾನ್ಯವಾಗಿ 28 ಮಿ.ಮೀ. ಆಸುಪಾಸಿನ ಕೊಳವೆಗೆ ಮಾಡಿರುತ್ತಾರೆ. ಹಳೇ ಉಕ್ಕಿನ ಸೈಕಲ್‌ಗಳ ಕೊಳವೆಯೂ ಬಹುಮಟ್ಟಿಗೆ ಅದೇ ಅಳತೆ, ಹಳೇ ಫ್ರೇಮು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುವುದಕ್ಕೆ ಇದೂ ಒಂದು ಕಾರಣ. ತುಕ್ಕು ಹಿಡಿದು ಕಚ್ಚಿಕೊಂಡ ಸೀಟ್ ಕಂಬವನ್ನು ಸುತ್ತಿಗೆಯಿಂದ ಬಡಿಯಬೇಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ನೆ ಇಡಿ, ಆಮೇಲೆ ತಿರುಗಿಸಿ. ಎಲ್ಲ ಬೇರಿಂಗ್ ಬಿಚ್ಚಿ, ಗುಂಡುಗಳನ್ನು ಹೊಸದಾಗಿ ಹಾಕಿ, ಗ್ರೀಸ್ ತುಂಬಿ.

ಚಕ್ರ ಮತ್ತು ಬ್ರೇಕು

ಇಲ್ಲಿ ದುಡ್ಡು ಉಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗಂಟೆಗೆ 15 ಕಿ.ಮೀ. ಓಡುವ ಸೈಕಲ್ಲು 40ಕ್ಕೆ ಏರಿದರೆ, ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಏಳು ಪಟ್ಟು ಆಗುತ್ತದೆ. ಎಂಜಿನ್ನಿನ ತೂಕವನ್ನು ಇದರಲ್ಲಿ ಸೇರಿಸಿಯೇ ಇಲ್ಲ. ವೈರಿನ ಬದಲು ಕಬ್ಬಿಣದ ಕಡ್ಡಿಯಿಂದ ಎಳೆಯುವ ಹಳೇ ಬ್ರೇಕು ನೋಡಲು ಬಹಳ ಚಂದ, ಆದರೆ ಇಷ್ಟು ಭಾರವನ್ನು ಅದು ತಡೆಯುವುದಿಲ್ಲ, ಮಳೆಯಲ್ಲಂತೂ ಕೇಳಲೇಬೇಡಿ. ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕಿನ ಹಬ್ಬು (ಚಕ್ರದ ನಡುಭಾಗ) ಹಾಕಿ. ಹಳೇ ಕಾಲದ ನೋಟಕ್ಕೂ ಅದು ಹೊಂದುತ್ತದೆ. ಡ್ರಮ್ಮಿನ ಬ್ರೇಕು ತಟ್ಟೆಯಿಂದ ಬರುವ ತೋಳನ್ನು ಫೋರ್ಕಿಗೆ ಭದ್ರವಾಗಿ ಕಟ್ಟುವುದನ್ನು ಮರೆಯಬೇಡಿ, ಅದು ಸಡಿಲಾದರೆ ಬ್ರೇಕು ಹಿಡಿದಾಗ ಆ ತಟ್ಟೆಯೇ ಚಕ್ರದ ಜೊತೆ ತಿರುಗಿಕೊಳ್ಳುತ್ತದೆ. ಹಿಂದಕ್ಕೂ ಬೇರೆಯೇ ಬ್ರೇಕು ಬೇಕು.

ಕಡ್ಡಿ (ಸ್ಪೋಕು) 36 ಇರುವ ರಿಮ್ಮು ಆರಿಸಿ. ಮಾಮೂಲಿ 2 ಮಿ.ಮೀ. ಸ್ಪೋಕಿನ ಬದಲು 12 ಗೇಜಿನ ದಪ್ಪ ಸ್ಪೋಕು ಹಾಕಿ ಚಕ್ರ ಹೆಣೆಸಿದರೆ ಇನ್ನೂ ಒಳ್ಳೆಯದು. ಅನುಭವ ಇದ್ದವರ ಹತ್ತಿರ ಬೆಂಡ್ ತೆಗೆಸಿ. ಹಿಂದಿನ ಚಕ್ರ ಒಂದಿಷ್ಟು ಅಲುಗಾಡಿದರೂ ಎಂಜಿನ್ ಚೈನು ಬಿಗಿ, ಸಡಿಲ, ಬಿಗಿ, ಸಡಿಲ ಎಂದು ಎಳೆದಾಡುತ್ತಿರುತ್ತದೆ.

ಎಂಜಿನ್ ಕೂರಿಸುವುದು

80 ಸಿಸಿ ಎಂದು ಮಾರುವ ಟೂ-ಸ್ಟ್ರೋಕ್ ಕಿಟ್‌ಗಳಲ್ಲಿ ಬಹುಪಾಲು ನಿಜಕ್ಕೂ 66 ಸಿಸಿ. ಸಿಲಿಂಡರಿನ ಅಗಲ 47 ಮಿ.ಮೀ., ಪಿಸ್ಟನ್ ಓಡಾಟ 38 ಮಿ.ಮೀ., ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. 48 ಸಿಸಿಯದೂ ಸಿಗುತ್ತದೆ. ನಿಮ್ಮ ಊರಿನ ನಿಯಮ ಯಾವುದಕ್ಕೆ ಒಪ್ಪುತ್ತದೆ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಎಷ್ಟೋ ದೇಶಗಳಲ್ಲಿ ಎಂಜಿನ್ ಕೂತ ಕೂಡಲೇ ಅದು ಮೋಟಾರು ವಾಹನ. ನೋಂದಣಿ, ಲೈಸೆನ್ಸು, ವಿಮೆ ಎಲ್ಲ ಬೇಕಾಗುತ್ತದೆ.

ಎಂಜಿನ್ನಿಗೂ ಫ್ರೇಮಿಗೂ ನಡುವೆ ಟ್ಯೂಬಿನ ತುಂಡು ಇಟ್ಟರೆ ಅದುರುವುದು ಕಮ್ಮಿ ಎಂದು ಬಹಳ ಜನ ಹೇಳುತ್ತಾರೆ. ಹಾಗೆ ಮಾಡಬೇಡಿ. ರಬ್ಬರು ಇದ್ದರೆ ಎಂಜಿನ್ ತೂಗಾಡುತ್ತದೆ, ತೂಗಾಡಿದರೆ ಬೋಲ್ಟು ಕತ್ತರಿಸಿ ಹೋಗುತ್ತದೆ. ಲೋಹಕ್ಕೆ ಲೋಹ ಒತ್ತಿ ಕೂರಬೇಕು. ಪೇಂಟು ದಪ್ಪ ಇದ್ದರೆ ಹಿಡಿತದ ಜಾಗದಲ್ಲಿ ಕೆರೆದುಬಿಡಿ. ಕಿಟ್ಟಿನ ಜೊತೆ ಬರುವ ನಟ್ಟು ಬೋಲ್ಟುಗಳನ್ನು ನಂಬಬೇಡಿ, ಗಟ್ಟಿಯವನ್ನು ಬೇರೆ ತನ್ನಿ, ನೈಲಾನ್ ಇರುವ ನಟ್ಟು ಹಾಕಿ. ಪೆಡಲಿನ ಕ್ರ್ಯಾಂಕು ಎಂಜಿನ್ನಿಗೆ ತಗುಲಿದರೆ ಉದ್ದನೆಯ ಅಚ್ಚು ಬೇಕಾಗುತ್ತದೆ.

ಚೈನು, ತುಂಬಾ ನಿಧಾನವಾಗಿ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಕಿಟ್ಟಿನ ಹಿಂದಿನ ಹಲ್ಲುಚಕ್ರವನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಕಡ್ಡಿಗಳನ್ನು ಹಿಡಿಸಿ 9 ಬೋಲ್ಟಿನಿಂದ ಬಿಗಿಯುತ್ತಾರೆ. ಒಂದು ಬೋಲ್ಟು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಸೊಟ್ಟಗಾಗುತ್ತದೆ. ಎದುರುಬದಿರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಚಕ್ರ ತಿರುಗಿಸಿ ನೋಡುತ್ತಾ, ಮತ್ತೆ ಬಿಗಿಯುತ್ತಾ ಹೋಗಬೇಕು. ಹಬ್ಬಿಗೇ ನೇರ ಕಚ್ಚುವ ಹಿಡಿತ ಸಿಕ್ಕರೆ ಅದನ್ನೇ ಹಾಕಿ, ಕಡ್ಡಿಗಳ ಮೇಲೆ ಭಾರ ಬೀಳುವುದಿಲ್ಲ.

ಇನ್ನು ಚೈನು ಬಿಗಿ ಮಾಡುವ ಉರುಳೆ. ನನ್ನ ಮೊದಲ ಗಾಡಿಯಲ್ಲಿ ಅದನ್ನು ಫ್ರೇಮಿನ ಕೊಳವೆಗೆ ಬರೀ ಎರಡು ಬೋಲ್ಟಿನ ಬಲದಲ್ಲಿ ಕಟ್ಟಿದ್ದೆ. ಒಂದು ದಿನ ಹೋಗುತ್ತಿರುವಾಗ ಅದು ಒಳಗೆ ತಿರುಗಿ ಕಡ್ಡಿಗೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಗಪ್ಪನೆ ನಿಂತಿತು, ಐದಾರು ಕಡ್ಡಿ ಮುರಿದವು, ನಾನು ರಸ್ತೆಗೆ ಬಿದ್ದೆ. ವೇಗ ಕಡಿಮೆ ಇದ್ದುದರಿಂದ ಮೊಣಕೈ ತರಚಿ ಅಷ್ಟಕ್ಕೇ ಮುಗಿಯಿತು. ಅವತ್ತಿನಿಂದ ಉರುಳೆಯನ್ನು ಫ್ರೇಮಿಗೆ ಬೆಸೆದ ಪಟ್ಟಿಯ ಮೇಲೇ ಕೂರಿಸುತ್ತೇನೆ. ಸೀಳು ಉದ್ದ ಇದ್ದು ಚಕ್ರವನ್ನೇ ಹಿಂದೆ ಎಳೆದು ಚೈನು ಬಿಗಿ ಮಾಡಲು ಬಂದರೆ ಉರುಳೆಯೇ ಬೇಡ. ಆದರೆ ಎಂಜಿನ್ ಚೈನು, ಪೆಡಲ್ ಚೈನು ಎರಡೂ ಒಟ್ಟಿಗೆ ಸರಿಹೋಗುವಂತೆ ಕೊಂಡಿ ಎಣಿಸಿ ಕತ್ತರಿಸಬೇಕು, ಅಲ್ವಾ? ತಾಳ್ಮೆ ಬೇಕು. ನಡುಭಾಗ ಒತ್ತಿದರೆ ಚೈನು ಒಂದು ಸೆಂಟಿಮೀಟರಿನಷ್ಟು ಆಡಿದರೆ ಸರಿ.

ಹಿಂದಿನ ಚಕ್ರಕ್ಕೆ 44 ಹಲ್ಲು, ಎಂಜಿನ್ನಿಗೆ 10 ಹಲ್ಲು, ಎಂಜಿನ್ನಿನ ಒಳಗಿನ ಗೇರು 4.1ಕ್ಕೆ 1. ಹೀಗಿದ್ದರೆ 26 ಇಂಚಿನ ಚಕ್ರದಲ್ಲಿ ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದಾಗ ಗಂಟೆಗೆ ಸುಮಾರು 34 ಕಿ.ಮೀ. ಬರುತ್ತದೆ. 36 ಹಲ್ಲು ಹಾಕಿದರೆ 42. ನನ್ನ ಕೇಳಿದರೆ 44 ಸಾಕು. ಏರಿನಲ್ಲೂ ಎಳೆಯುತ್ತದೆ.

ಟ್ಯಾಂಕು ಮತ್ತು ಹಳೇ ಕಾಲದ ಚಂದ

ಕಿಟ್ಟಿನ ಜೊತೆ ಬರುವ ಹನಿಯಾಕಾರದ ಟ್ಯಾಂಕು ಇಟ್ಟರೆ ಅದು ಎಂಜಿನ್ ಕಟ್ಟಿದ ಸೈಕಲ್ ಆಗಿಯೇ ಕಾಣುತ್ತದೆ. ಮೇಲಿನ ಕೊಳವೆಯ ಕೆಳಗೆ ನೇತಾಡುವ ಚಪ್ಪಟೆ, ಉದ್ದ ಟ್ಯಾಂಕೇ ಆ ಕಾಲದ ಗುರುತು. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ ಫ್ರೇಮಿಗೆ ಹಿಡಿದು ನೋಡಿ. ದೂರ ನಿಂತು ನೋಡಿ, ಮತ್ತೆ ತಿದ್ದಿ. ಎಂಜಿನ್ನಿನ ತಲೆಗೂ ಟ್ಯಾಂಕಿಗೂ ಒಂದಷ್ಟು ಜಾಗ ಇರಲಿ, ಪ್ಲಗ್ಗು ಬಿಚ್ಚಲು ಕೈ ಹೋಗಬೇಕು. ಆಮೇಲೆ ಹಿತ್ತಾಳೆ ಅಥವಾ ಉಕ್ಕಿನ ತಗಡಿನಲ್ಲಿ ಮಾಡಿ ಬೆಸುಗೆ ಹಾಕಿಸಿ. ಬಾಯಿ ಮುಚ್ಚಿ ಮೆಲ್ಲಗೆ ಗಾಳಿ ಊದಿ, ಸೋಪಿನ ನೀರು ಹಚ್ಚಿ. ಗುಳ್ಳೆ ಬಂದ ಕಡೆ ಸೋರಿಕೆ ಇದೆ. ಮುಚ್ಚಳಕ್ಕೆ ಗಾಳಿಯ ಸಣ್ಣ ತೂತು ಇರಲೇಬೇಕು, ಇಲ್ಲದಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ಒಮ್ಮೆ ಪೆಟ್ರೋಲು ಕಂಡ ಟ್ಯಾಂಕಿಗೆ ಬೆಸುಗೆ ಹಾಕಲು ಹೋಗಬೇಡಿ. ಒಳಗಿನ ಆವಿಗೆ ಬೆಂಕಿ ತಗುಲಿದರೆ ಟ್ಯಾಂಕೇ ಸಿಡಿಯುತ್ತದೆ.

ಹಿಂದಕ್ಕೆ ಬಾಗಿದ ಅಗಲ ಹ್ಯಾಂಡಲ್ಲು, ಸ್ಪ್ರಿಂಗಿನ ಚರ್ಮದ ಸೀಟು, ಕೆನೆಬಣ್ಣದ ಟೈರು. ಹೊಸ ಎಲ್‌ಇಡಿ ದೀಪವನ್ನು ಹಳೇ ದೀಪದ ಚಿಪ್ಪಿನೊಳಗೆ ಅಡಗಿಸಿ. ಟೈರು ದಪ್ಪ ಇದ್ದರೆ ಚಂದ, ಆದರೆ ಚೈನಿಗೆ ಉಜ್ಜುತ್ತದಾ ಎಂದು ಮೊದಲೇ ನೋಡಿ. ಬಣ್ಣ ಒಂದೇ ಇರಲಿ, ಕಪ್ಪು ಅಥವಾ ಬೂದು ಅಥವಾ ಕಡುಗೆಂಪು, ಮೇಲೆ ಕೈಯಲ್ಲೇ ಎಳೆದ ತೆಳು ಗೆರೆ. ಪೇಂಟು ಮಾತ್ರ ಕೊನೆಗೆ. ಬೆಸುಗೆ, ಕೊರೆತ, ಒಂದು ಸುತ್ತು ಓಡಿಸುವುದು ಎಲ್ಲ ಮುಗಿದ ಮೇಲೆ ಪೂರ್ತಿ ಬಿಚ್ಚಿ ಬಣ್ಣ ಹೊಡೆಯಿರಿ.

ಮೊದಲ ಓಟ

ವೈರಿಂಗು ಸುಲಭ, ನೀಲಿಗೆ ನೀಲಿ, ಕಪ್ಪಿಗೆ ಕಪ್ಪು. ಎಂಜಿನ್ ನಿಲ್ಲಿಸುವ ಸ್ವಿಚ್ಚು ಹೆಬ್ಬೆರಳಿಗೆ ಸಿಗುವಂತಿರಲಿ. ಸಿಲಿಂಡರ್ ತಲೆಯ ನಟ್ಟುಗಳನ್ನು ಎದುರುಬದಿರಾಗಿ ಬಿಗಿಯಿರಿ.

ಹೊಸ ಎಂಜಿನ್ನಿಗೆ ಒಂದು ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬೆರೆಸಿ. ಎಂಜಿನ್ ಪಳಗಿದ ಮೇಲೆ 40ಕ್ಕೆ ಇಳಿಸಬಹುದು. ಬೇರೆ ಡಬ್ಬಿಯಲ್ಲಿ ಕಲಸಿ ಆಮೇಲೆ ಟ್ಯಾಂಕಿಗೆ ಸುರಿಯಿರಿ. ಹೆಲ್ಮೆಟ್ ಹಾಕಿ, ಖಾಲಿ ಜಾಗಕ್ಕೆ ಹೋಗಿ. ಚೋಕ್ ಎಳೆದು, ಕ್ಲಚ್ ಹಿಡಿದು ಪೆಡಲ್ ತುಳಿಯಿರಿ. ಸೈಕಲ್ಲು ವೇಗ ಹಿಡಿದಾಗ ಕ್ಲಚ್ ಬಿಡಿ. ಎಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಳ್ಳುತ್ತದೆ. ಆ ಕ್ಷಣದ ಖುಷಿಗೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಬೇಡಿ, ಅರ್ಧದೊಳಗೇ ಇರಲಿ.

ಹತ್ತು ನಿಮಿಷಕ್ಕೆ ವಾಪಸ್ ಬನ್ನಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸ್ಪ್ಯಾನರು ಹಿಡಿದು ತಲೆಯ ನಟ್ಟು, ಹಿಡಿತದ ಬೋಲ್ಟು, ಹಿಂದಿನ ಆ 9 ಬೋಲ್ಟು, ಅಚ್ಚಿನ ನಟ್ಟು ಎಲ್ಲವನ್ನೂ ಇನ್ನೊಮ್ಮೆ ಬಿಗಿಯಿರಿ. ಒಂದೆರಡು ಸಡಿಲಾಗಿಯೇ ಇರುತ್ತವೆ. ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ನೋಡಿ. ಪ್ಲಗ್ಗು ಬಿಚ್ಚಿ, ತುದಿ ಕಾಫಿ ಬಣ್ಣಕ್ಕಿದ್ದರೆ ಪೆಟ್ರೋಲು ಮತ್ತು ಗಾಳಿಯ ಪ್ರಮಾಣ ಸರಿ ಇದೆ. ಬಿಳಿಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ, ಕಾರ್ಬ್ಯುರೇಟರ್ ಸರಿ ಮಾಡುವವರೆಗೆ ಮತ್ತೆ ಓಡಿಸಬೇಡಿ.