ಡ್ರೆಸ್ಡನ್‌ನ ಕಂಬಗಳನ್ನು ಓದಲು ಕಲಿತಿದ್ದು

ಜರ್ಮನಿಯ ಈ ಊರಿಗೆ ಬಂದ ಮೊದಲ ವರ್ಷ ನಾಜಿಗಳ ಸ್ಟಿಕ್ಕರ್‌ಗಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಟ್ರ್ಯಾಮ್ ನಿಲ್ದಾಣದ ಕಂಬ, ಕಸದ ಡಬ್ಬಿ, ಬೀದಿ ದೀಪ, ಎಲ್ಲಾ ಕಡೆ ಏನೇನೋ ಅಂಟಿಸಿರುತ್ತಾರೆ, ಫುಟ್‌ಬಾಲ್‌ನವರದ್ದು ಇರಬೇಕು ಅಂದುಕೊಂಡು ಹೋಗುತ್ತಿದ್ದೆ. ಚಿಪ್ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಜರ್ಮನ್ ಗೆಳತಿ ಒಂದು ದಿನ ಕಂಬದ ಮುಂದೆ ನಿಲ್ಲಿಸಿ ಓದಿಸಿದಳು. 88 ಅಂದರೆ ಎಂಟನೇ ಅಕ್ಷರ ‘ಎಚ್’ ಎರಡು ಸಲ, ಅಂದರೆ ಹೈಲ್ ಹಿಟ್ಲರ್. 18 ಅಂದರೆ ಅಡಾಲ್ಫ್ ಹಿಟ್ಲರ್. ಸೂರ್ಯನ ಹಾಗೆ ಕಾಣುವ ಕಪ್ಪು ಚಕ್ರ ವೇವೆಲ್ಸ್‌ಬುರ್ಗ್ ಕೋಟೆಯ ನೆಲದ್ದು, ಆ ಕೋಟೆ ಹಿಟ್ಲರನ ಎಸ್‌ಎಸ್ ಪಡೆಯ ಕೈಯಲ್ಲಿತ್ತು.

ನಮ್ಮವರಿಗೆ ಇಲ್ಲಿ ಒಂದು ತೊಡಕಿದೆ. ಸ್ವಸ್ತಿಕ ನಮಗೆ ಹೊಸ್ತಿಲ ಮೇಲಿನ ಶುಭ ಚಿಹ್ನೆ, ಹಾಗಾಗಿ ಗೋಡೆ ಮೇಲೆ ಕಂಡರೂ ಎದೆ ಧಸಕ್ ಅನ್ನುವುದಿಲ್ಲ. ಇಲ್ಲಿನ ಕಾನೂನಿನ 86ಎ ಕಲಮಿನ ಪ್ರಕಾರ ನಾಜಿ ಚಿಹ್ನೆ ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ನಮ್ಮ ಸ್ವಸ್ತಿಕವನ್ನು ನಾನು ದೇವರ ಮನೆಯೊಳಗೆ ಮಾತ್ರ ಬರೆಯುತ್ತೇನೆ. ಬಾಗಿಲ ಹೊರಗೆ ಇಲ್ಲ. ಪಕ್ಕದ ಮನೆಯ ಅಜ್ಜಿಗೆ ಅದನ್ನು ನೋಡಿದರೆ ಏನು ನೆನಪಾಗುತ್ತೆ ಅನ್ನೋದು ನನಗೆ ಮುಖ್ಯ.

ಈಗ ನಾನು ಮಾಡುವ ಕೆಲಸ ಇಷ್ಟೇ. ಕಂಡ ತಕ್ಷಣ ಎರಡು ಫೋಟೋ, ಹತ್ತಿರದಿಂದ ಒಂದು, ಜಾಗ ಗೊತ್ತಾಗುವ ಹಾಗೆ ದೂರದಿಂದ ಒಂದು. ತಾರೀಕು, ಸಮಯ, ಯಾವ ಕಂಬ. ಕಾನೂನಿಗೆ ವಿರುದ್ಧವಾದದ್ದು ಇದ್ದರೆ ಪೊಲೀಸರ ಆನ್‌ಲೈನ್ ದೂರು. ಆಮೇಲೆ ಕೀಳುವುದು. ಬೆರಳಲ್ಲಿ ಮಾತ್ರ ಕೀಳಬೇಡಿ, ಕೆಲವು ಸಲ ಹಿಂದೆ ಬ್ಲೇಡಿನ ಚೂರು ಇಟ್ಟಿರುತ್ತಾರೆ. ಗಾಜಿನ ಒಲೆ ಉಜ್ಜುವ ಹಿಡಿ ಇರೋ ಬ್ಲೇಡು ಇದೆಯಲ್ಲ, ಅದೇ ಸಾಕು, ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತೆ. ಬರ್ಲಿನ್‌ನ ಇರ್ಮೆಲಾ ಮೆನ್ಸಾ-ಶ್ರಾಮ್ ಅನ್ನುವ ಅಜ್ಜಿ 1986ರಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ, ಕಿತ್ತಿದ್ದನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಬರೆದಿಡುವುದಕ್ಕೆ ಯಾಕಿಷ್ಟು ಹಟ ಅಂದರೆ ಎನ್‌ಎಸ್‌ಯು ಅನ್ನುವ ಗುಪ್ತ ಗುಂಪು ಕಾರಣ. 2000ದಿಂದ 2007ರವರೆಗೆ ಆ ನಾಜಿ ಗುಂಪು ಹತ್ತು ಜನರನ್ನು ಕೊಂದಿತು, ಒಂಬತ್ತು ಜನ ಟರ್ಕಿ ಮತ್ತು ಗ್ರೀಸ್ ಮೂಲದವರು, ಒಬ್ಬರು ಪೊಲೀಸ್ ಮಹಿಳೆ. ಮೊದಲು ಸತ್ತವರು ಹೂ ಮಾರುವ ಎನ್ವರ್ ಶಿಮ್ಶೆಕ್. ವರ್ಷಗಟ್ಟಲೆ ತನಿಖೆ ಮಾಡಿದವರು ಸತ್ತವರ ಮನೆಯವರನ್ನೇ ಅನುಮಾನದಿಂದ ನೋಡಿದರು. 2006ರ ಮೇನಲ್ಲಿ ಆ ಕುಟುಂಬಗಳು ಕಾಸೆಲ್ ಊರಲ್ಲಿ ‘ಹತ್ತನೇ ಬಲಿ ಬೇಡ’ ಅಂತ ಮೆರವಣಿಗೆ ಮಾಡಿದವು. ಯಾರೂ ಕಿವಿಗೊಡಲಿಲ್ಲ. ಗುಂಪು ಬಯಲಾಗಿದ್ದು 2011ರ ನವೆಂಬರ್‌ನಲ್ಲಿ, ಅವರು ಅಡಗಿದ್ದ ತ್ಸ್ವಿಕಾವ್ ಇಲ್ಲೇ ನಮ್ಮ ಸ್ಯಾಕ್ಸನಿ ರಾಜ್ಯದಲ್ಲಿ. ನೋವುಂಡವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು, ಅದನ್ನ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಹೋದ ಚಳಿಗಾಲ ದಾವಣಗೆರೆಯ ಹುಡುಗನೊಬ್ಬ, ಇಲ್ಲಿ ಎಂಎಸ್ ಓದುತ್ತಿರುವವನು, ರಾತ್ರಿ ಫೋನ್ ಮಾಡಿದ. 7ನೇ ನಂಬರಿನ ಟ್ರ್ಯಾಮಿನಲ್ಲಿ ಇಬ್ಬರು ಬೈದು, ಎದೆಗೆ ಕೈಹಾಕಿ ಬಾಗಿಲ ಕಡೆ ತಳ್ಳಿದ್ದರು. ಸುತ್ತ ಕೂತವರು ಮೊಬೈಲ್ ನೋಡುತ್ತಿದ್ದರಂತೆ. ಮೊದಲು ಊಟ ಆಯ್ತಾ ಅಂತ ಕೇಳಿದೆ. ಆಗಿರಲಿಲ್ಲ. ಮನೆಗೆ ಕರೆದು ಅನ್ನ ಸಾರು ಬಡಿಸಿ, ಅವನು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕಾಗದ ಕೊಟ್ಟು ಬರೆಯಲು ಹೇಳಿದೆ. ಎಲ್ಲಿ ಹತ್ತಿದೆ, ಎಷ್ಟು ಗಂಟೆ, ಅವರ ಜಾಕೆಟ್ ಮೇಲೆ ಏನಿತ್ತು, ಅಂದಿದ್ದು ಏನು, ಅರ್ಥ ಆಗದಿದ್ದರೆ ಕೇಳಿಸಿದ ಹಾಗೇ ಬರಿ. ‘ಅಕ್ಕಾ, ಇದೆಲ್ಲಾ ಬರ್ಕೊಂಡು ಏನ್ ಮಾಡ್ತೀರಿ?’ ಅಂದ. ಟ್ರ್ಯಾಮಿನ ಕ್ಯಾಮೆರಾ ದೃಶ್ಯಗಳನ್ನು ಜಾಸ್ತಿ ದಿನ ಇಟ್ಟುಕೊಳ್ಳುವುದಿಲ್ಲ, ಸಮಯ ಸರಿಯಾಗಿ ಹೇಳಿದರೆ ಮಾತ್ರ ಹುಡುಕಬಹುದು ಅಂತ ವಿವರಿಸಿದೆ.

ಮರುದಿನ ಒಂದು ಠಾಣೆಗೆ ಹೋದೆವು. ಕೌಂಟರಿನಲ್ಲಿದ್ದವರು ‘ಕುಡಿದವರ ಗಲಾಟೆ’ ಅಂತ ಬರೆದುಕೊಳ್ಳಲು ಹೊರಟರು. ಹುಡುಗ ಕಾಗದ ಮುಂದಿಟ್ಟು, ತಳ್ಳಿದವರು ಅಂದ ಮಾತನ್ನೂ ದಾಖಲಿಸಿ ಅಂತ ಕೇಳಿದ. ಬರೆದುಕೊಂಡರು. ಅಲ್ಲಿಂದ ಆರ್‌ಎಎ ಸಂಸ್ಥೆಯ ಸಲಹಾ ಕೇಂದ್ರಕ್ಕೆ ಹೋದೆವು. ಬಲಪಂಥೀಯ ಉಗ್ರರಿಂದ ಹಲ್ಲೆಗೆ ಒಳಗಾದವರಿಗೆ ಅಲ್ಲಿ ದುಡ್ಡಿಲ್ಲದೆ ಸಹಾಯ ಸಿಗುತ್ತೆ, ಪೊಲೀಸ್ ದೂರು ಕೊಟ್ಟಿರಲೇಬೇಕು ಅಂತೇನೂ ಇಲ್ಲ. ದಯವಿಟ್ಟು ಇದು ನೆನಪಿರಲಿ.

ಒಂದು ತಪ್ಪು ನಾನೂ ಮಾಡಿದ್ದೆ. ಶುರುವಿನಲ್ಲಿ ಫೋಟೋಗಳನ್ನೆಲ್ಲಾ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಹೊಸದಾಗಿ ಬಂದ ಹೆಣ್ಣುಮಕ್ಕಳು ಹೆದರಿ ಸಂಜೆ ಹೊರಗೆ ಹೋಗುವುದನ್ನೇ ಬಿಟ್ಟರು. ಸ್ಟಿಕ್ಕರ್ ಅಂಟಿಸುವವರಿಗೆ ಬೇಕಾಗಿದ್ದೂ ಅದೇ ಅಲ್ವಾ? ಈಗ ಚಿತ್ರ ಹಾಕುವುದಿಲ್ಲ. ಫೆಬ್ರವರಿ 13 ಹತ್ತಿರ ಬಂದಾಗ ಮಾತ್ರ ಗುಂಪಿನಲ್ಲಿ ಬರೆಯುತ್ತೇನೆ. 1945ರಲ್ಲಿ ಈ ಊರಿನ ಮೇಲೆ ಬಾಂಬ್ ಬಿದ್ದ ದಿನ ಅದು, ಆ ಸಾವುಗಳನ್ನು ನಾಜಿಗಳು ತಮ್ಮ ಮೆರವಣಿಗೆಗೆ ಬಳಸಿಕೊಳ್ಳಬಾರದು ಅಂತ ಊರಿನವರು ಕೈ ಕೈ ಹಿಡಿದು ಸರಪಳಿ ಕಟ್ಟುತ್ತಾರೆ. ಈ ವರ್ಷ ನಮ್ಮವರು ಒಂಬತ್ತು ಜನ ಬಂದಿದ್ದರು. ನನ್ನ ಒಂದು ಕೈ ಆ ಹುಡುಗನ ಕೈಯಲ್ಲಿತ್ತು, ಇನ್ನೊಂದು ಗುರುತಿಲ್ಲದ ಒಬ್ಬ ತಾತನ ಉಣ್ಣೆ ಗ್ಲೌಸಿನಲ್ಲಿ.

ಕಳೆದ ವಾರ ಹುಡುಗನ ಮೆಸೇಜ್ ಬಂತು. ನಿಲ್ದಾಣದ ಹೆಸರು, ಊರೊಳಗೆ ಹೋಗುವ ಕಡೆ, ಎರಡನೇ ಕಂಬ, ಬೆಳಗ್ಗೆ 7:40, ಫೋಟೋ ಎರಡು. ಅದರ ಕೆಳಗೆ, ‘ಅಕ್ಕಾ, ಆ ಬ್ಲೇಡು ಯಾವ ಅಂಗಡೀಲಿ ಸಿಗುತ್ತೆ?’