ಇಳಿಯುವ ಪೇಟೆಯಲ್ಲಿ ಸಾಲ ಕೊಡುವವನ ಕಣ್ಣು: ಷೇರು ಆಯ್ಕೆಯ ನನ್ನ ಅನುಭವ

ನಾನು ಸೇವಾವಧಿಯ ಬಹುಭಾಗವನ್ನು ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕಳೆದವನು. ಅಕ್ಕಿ ಗಿರಣಿ, ಅಡಿಕೆ ಮಂಡಿ, ಸಣ್ಣ ಫೌಂಡ್ರಿ, ಹೀಗೆ ಯಾರ ಅರ್ಜಿ ಮೇಜಿಗೆ ಬಂದರೂ ನಾವು ಮೊದಲು ನೋಡುತ್ತಿದ್ದುದು ಕಳೆದ ವರ್ಷದ ಲಾಭವನ್ನಲ್ಲ, ವ್ಯಾಪಾರ ಕೆಟ್ಟ ವರ್ಷದಲ್ಲಿಯೂ ಕಂತು ಕಟ್ಟುವ ತಾಕತ್ತು ಅವರಿಗೆ ಉಳಿಯುತ್ತದೆಯೇ ಎಂಬುದನ್ನು. ಷೇರುಪೇಟೆ ಇಳಿಯುವಾಗ ಕಂಪನಿಗಳನ್ನು ಆರಿಸಲು ನಾನು ಇಂದಿಗೂ ಬಳಸುವುದು ಅದೇ ಪ್ರಶ್ನೆಯನ್ನು: ಇನ್ನು ಎರಡು ವರ್ಷ ಯಾರಿಂದಲೂ ಹೊಸದಾಗಿ ಹಣ ಪಡೆಯದೆ ಈ ಕಂಪನಿ ಬದುಕಬಲ್ಲದೇ? ಬದುಕಬಲ್ಲದು ಎಂದು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಲಾಗದ ಕಂಪನಿಯ ಷೇರು ಎಷ್ಟೇ ಅಗ್ಗವಾಗಿದ್ದರೂ ನಾನು ಅದರ ಬೆಲೆಯ ಕಡೆಗೆ ನೋಡುವುದಿಲ್ಲ.

ಈ ಪ್ರಶ್ನೆಗೆ ಮೊದಲು ಉತ್ತರಿಸಬೇಕಾದದ್ದು ನಮ್ಮ ಮನೆ. ಇಳಿದ ಪೇಟೆಯಲ್ಲಿ ಹಣ ಕಳೆದುಕೊಂಡವರಲ್ಲಿ ಅನೇಕರು ಕೆಟ್ಟ ಷೇರು ಇಟ್ಟುಕೊಂಡವರಲ್ಲ, ಒಳ್ಳೆಯ ಷೇರನ್ನು ತಪ್ಪು ಹೊತ್ತಿನಲ್ಲಿ ಮಾರಲೇಬೇಕಾಗಿ ಬಂದವರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ವರ್ಷದ ಖರ್ಚು ಉಳಿತಾಯ ಖಾತೆಯಲ್ಲೂ ಠೇವಣಿಯಲ್ಲೂ ಇರುತ್ತದೆ. ಮಕ್ಕಳ ಓದು, ಮದುವೆ, ಮನೆ ರಿಪೇರಿ ಎಂದು ಐದು ವರ್ಷದೊಳಗೆ ಬೇಕಾಗುವ ಹಣ ಷೇರುಪೇಟೆಯ ಹೊಸ್ತಿಲು ದಾಟುವುದಿಲ್ಲ. ಚಿನ್ನ ಅಡವಿಟ್ಟೋ ಬ್ರೋಕರ್ ಕೊಡುವ ಮಾರ್ಜಿನ್ ಸಾಲದಲ್ಲೋ ಷೇರು ಕೊಳ್ಳುವುದಿಲ್ಲ, ಏಕೆಂದರೆ ಹಾಗೆ ಕೊಂಡ ಷೇರನ್ನು ಯಾವಾಗ ಮಾರಬೇಕೆಂದು ತೀರ್ಮಾನಿಸುವವನು ಸಾಲ ಕೊಟ್ಟವನೇ ಹೊರತು ನಾವಲ್ಲ. ಇವೆಲ್ಲವೂ ಇದ್ದಮೇಲೆ ಮಾತ್ರ ಇಳಿಕೆಯ ಕಾಲದಲ್ಲಿ ಕೊಳ್ಳುವುದಕ್ಕೆಂದು ಬೇರೆಯಾಗಿ ತೆಗೆದಿಟ್ಟ ಹಣದ ಮಾತು. ನಾನು ಅದನ್ನು ಒಟ್ಟು ಹೂಡಿಕೆಯ ಐದನೇ ಒಂದು ಭಾಗದಷ್ಟು ಲಿಕ್ವಿಡ್ ಫಂಡ್ (ಬೇಕೆಂದಾಗ ಬೇಗ ಹಿಂಪಡೆಯಬಹುದಾದ ಮ್ಯೂಚುವಲ್ ಫಂಡ್) ಮತ್ತು ಅಲ್ಪಾವಧಿ ಠೇವಣಿಯಲ್ಲಿ ಇಟ್ಟಿರುತ್ತೇನೆ.

2020ರ ಮಾರ್ಚ್‌ನಲ್ಲಿ ಈ ಕ್ರಮಕ್ಕೆ ದೊಡ್ಡ ಪರೀಕ್ಷೆ ಬಂದಿತು. ಜನವರಿ 20ರಂದು 12,430ರವರೆಗೆ ಏರಿದ್ದ ನಿಫ್ಟಿ (ಎನ್‌ಎಸ್‌ಇಯ 50 ದೊಡ್ಡ ಕಂಪನಿಗಳ ಸೂಚ್ಯಂಕ) ಮಾರ್ಚ್ 24ರಂದು 7,511ಕ್ಕೆ ಇಳಿಯಿತು, ಅಂದರೆ ಎರಡು ತಿಂಗಳಲ್ಲಿ ಸುಮಾರು ಶೇ 40ರಷ್ಟು. ಮಾರ್ಚ್ 23ರ ಬೆಳಿಗ್ಗೆ ಶೇ 10ರ ಮಿತಿ ಮುಟ್ಟಿ 45 ನಿಮಿಷ ವಹಿವಾಟೇ ನಿಂತಿತು. ಆ ದಿನದ ಕೊನೆಗೆ ಬಿಎಸ್‌ಇಯ ಸೂಚ್ಯಂಕ ಸೆನ್ಸೆಕ್ಸ್ 3,935 ಅಂಶ, ಅಂದರೆ ಶೇ 13ಕ್ಕಿಂತ ಹೆಚ್ಚು ಕುಸಿದಿತ್ತು. ಕಾರ್ಖಾನೆಗಳು, ಹೋಟೆಲುಗಳು, ಬಸ್ಸುಗಳು ಎಲ್ಲವೂ ನಿಂತಿದ್ದ ಆ ವಾರಗಳಲ್ಲಿ ಪಿಇ ಅನುಪಾತ (ಷೇರಿನ ಬೆಲೆಯನ್ನು ಗಳಿಕೆಯಿಂದ ಭಾಗಿಸಿದ್ದು) ನೋಡಿ ಷೇರು ಆರಿಸುವುದರಲ್ಲಿ ಅರ್ಥವಿರಲಿಲ್ಲ, ಏಕೆಂದರೆ ಆ ಅನುಪಾತದ ಕೆಳಗಿನ ಅಂಕಿಯಾದ ಗಳಿಕೆ ಮುಂದಿನ ತ್ರೈಮಾಸಿಕದಲ್ಲಿ ಇರುತ್ತದೆಯೇ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ನಾನು ನನ್ನ ಹಳೆಯ ಸಾಲದ ಲೆಕ್ಕಕ್ಕೆ ಮರಳಿದೆ.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಕಂಪನಿಯ ವಾರ್ಷಿಕ ಮಾರಾಟ 1,000 ಕೋಟಿ ರೂಪಾಯಿ ಎಂದುಕೊಳ್ಳೋಣ. ಅದರಲ್ಲಿ 600 ಕೋಟಿ ಕಚ್ಚಾವಸ್ತು ಮತ್ತು ಸಾಗಾಟದ ವೆಚ್ಚ. ಇದು ಮಾರಾಟದ ಜೊತೆಗೇ ಏರುತ್ತದೆ, ಇಳಿಯುತ್ತದೆ. ಇನ್ನು 250 ಕೋಟಿ ಸಂಬಳ, ಬಾಡಿಗೆ, ನಿರ್ವಹಣೆ. ಬಾಗಿಲು ಮುಚ್ಚಿದ್ದರೂ ಇದನ್ನು ಕೊಡಲೇಬೇಕು. ಬಡ್ಡಿ ಮತ್ತು ಸವಕಳಿಗೆ ಮುಂಚೆ ಉಳಿಯುವುದು 150 ಕೋಟಿ. ಮಾರಾಟ ಕಾಲು ಭಾಗ ಕುಸಿದರೆ ಬರುವುದು 750 ಕೋಟಿ, ಕಚ್ಚಾವಸ್ತುವಿನ ವೆಚ್ಚ 450 ಕೋಟಿ, ಸ್ಥಿರ ವೆಚ್ಚ ಅದೇ 250 ಕೋಟಿ, ಉಳಿಕೆ ಬರೀ 50 ಕೋಟಿ. ಮಾರಾಟ ಇಳಿದದ್ದು ಕಾಲು ಭಾಗ, ಉಳಿಕೆ ಇಳಿದದ್ದು ಮೂರನೇ ಎರಡು ಭಾಗ. ಈ ಕಂಪನಿಯ ವಾರ್ಷಿಕ ಬಡ್ಡಿ 20 ಕೋಟಿ ಇದ್ದರೆ ಅದು ಕಷ್ಟಪಟ್ಟಾದರೂ ದಾಟುತ್ತದೆ. 70 ಕೋಟಿ ಇದ್ದರೆ ಹೊಸ ಸಾಲ ಮಾಡಬೇಕು ಇಲ್ಲವೇ ಈಗಿರುವ ಷೇರುದಾರರಿಗೇ ಹೊಸ ಷೇರು, ಅಂದರೆ ಹಕ್ಕಿನ ಷೇರು, ನೀಡಿ ಹಣ ಎತ್ತಬೇಕು, ಅದೂ ಷೇರು ನೆಲ ಕಚ್ಚಿರುವ ಹೊತ್ತಿನಲ್ಲಿ. ಒಳ್ಳೆಯ ಕಾಲದಲ್ಲಿ ಈ ಎರಡು ಕಂಪನಿಗಳ ಲಾಭದಲ್ಲಿ ಕಾಣುವ ವ್ಯತ್ಯಾಸ ಅಷ್ಟೇನೂ ಭಯ ಹುಟ್ಟಿಸುವುದಿಲ್ಲ. ಕೆಟ್ಟ ಕಾಲದಲ್ಲಿ ಅದೇ ವ್ಯತ್ಯಾಸ ಷೇರುದಾರನ ಪಾಲು ಉಳಿಯುವುದೋ ಕರಗುವುದೋ ಎಂಬುದನ್ನು ತೀರ್ಮಾನಿಸುತ್ತದೆ. 2020ರಲ್ಲಿ ನಾನು ಕಾಲು ಭಾಗದ ಬದಲು ಅರ್ಧ ಮಾರಾಟ ಕುಸಿದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿದ್ದೆ. ಪಟ್ಟಿಯಲ್ಲಿದ್ದ ಕಂಪನಿಗಳಲ್ಲಿ ಹೆಚ್ಚಿನವು ಅಲ್ಲಿಯೇ ಬಿದ್ದುಹೋದವು, ಮತ್ತು ಅದರಿಂದ ನನ್ನ ಕೆಲಸ ಹಗುರವಾಯಿತು.

ಒಟ್ಟು ಸಾಲಕ್ಕಿಂತ ಅದರಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದದ್ದೆಷ್ಟು ಎಂಬುದು ಮುಖ್ಯ. ಅದು ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಸಿಗುತ್ತದೆ. ಅದರ ಪಕ್ಕದಲ್ಲಿ ಕೈಯಲ್ಲಿರುವ ನಗದನ್ನೂ ಕಾರ್ಯಾಚರಣೆಯಿಂದ ಬಂದ ನಗದು ಹರಿವನ್ನೂ ಬರೆದುಕೊಳ್ಳುತ್ತೇನೆ. ಲಾಭ ವರ್ಷ ವರ್ಷ ಏರುತ್ತಿದ್ದು ನಗದು ಮಾತ್ರ ಬರದಿದ್ದರೆ ಆ ಲಾಭ ಗ್ರಾಹಕರ ಬಾಕಿಯಲ್ಲೋ ಗೋದಾಮಿನ ದಾಸ್ತಾನಿನಲ್ಲೋ ಸಿಕ್ಕಿಕೊಂಡಿದೆ ಎಂದು ಅರ್ಥ. ಕಂಪನಿಯನ್ನು ಕಟ್ಟಿ ಅದರ ಹಿಡಿತ ಇಟ್ಟುಕೊಂಡಿರುವ ಪ್ರವರ್ತಕರು ತಮ್ಮ ಷೇರುಗಳನ್ನು ಎಷ್ಟು ಪ್ರಮಾಣದಲ್ಲಿ ಅಡವಿಟ್ಟಿದ್ದಾರೆ ಎಂಬುದನ್ನು ಪ್ರತಿ ತ್ರೈಮಾಸಿಕದ ಷೇರು ಹಿಡುವಳಿ ವಿವರದಲ್ಲಿ ನೋಡಬಹುದು. ಪೇಟೆ ಕುಸಿದಾಗ ಸಾಲ ಕೊಟ್ಟವರು ಆ ಷೇರುಗಳನ್ನು ಮಾರುತ್ತಾರೆ, ಆ ಮಾರಾಟದಿಂದ ಬೆಲೆ ಇನ್ನೂ ಕುಸಿಯುತ್ತದೆ, ಕುಸಿದಂತೆ ಇನ್ನಷ್ಟು ಷೇರು ಮಾರಾಟಕ್ಕೆ ಬರುತ್ತವೆ. ಅಡವು ಹೆಚ್ಚಿದ್ದಲ್ಲಿ ನಾನು ಉಳಿದ ಯಾವ ಗುಣವನ್ನೂ ಪರಿಗಣಿಸುವುದಿಲ್ಲ.

ಸಾಮಾನ್ಯ ಹೂಡಿಕೆದಾರರು ಕಡಿಮೆ ಓದುವ, ಆದರೆ ಸಾಲ ವಿಭಾಗದವರು ಬಿಡದೆ ಓದುವ ಎರಡು ಕಾಗದಗಳಿವೆ. ಮೊದಲನೆಯದು ಕ್ರಿಸಿಲ್, ಇಕ್ರಾ, ಕೇರ್ ಮುಂತಾದ ಸಂಸ್ಥೆಗಳು ಕಂಪನಿಯ ಸಾಲಕ್ಕೆ ಶ್ರೇಯಾಂಕ ಕೊಡುವಾಗ ಪ್ರಕಟಿಸುವ ಕಾರಣಗಳ ಟಿಪ್ಪಣಿ. ಬ್ಯಾಂಕು ಕೊಟ್ಟ ಸಾಲದ ಮಿತಿಯಲ್ಲಿ ಎಷ್ಟು ಭಾಗ ಬಳಕೆಯಾಗಿದೆ, ಯಾವ ಪರಿಸ್ಥಿತಿಯಲ್ಲಿ ಶ್ರೇಯಾಂಕ ಇಳಿಸಬಹುದು ಎಂಬುದು ಅದರಲ್ಲಿ ಬಹುಪಾಲು ಇರುತ್ತದೆ, ಮತ್ತು ಓದಲು ಹಣ ಕೊಡಬೇಕಿಲ್ಲ. ಎರಡನೆಯದು ಲೆಕ್ಕಪರಿಶೋಧಕರ ವರದಿಯ ಅನುಬಂಧ. 2021-22ರ ಹಣಕಾಸು ವರ್ಷದಿಂದ ಜಾರಿಯಲ್ಲಿರುವ, ಕೇಂದ್ರ ಸರ್ಕಾರದ 2020ರ ಲೆಕ್ಕಪರಿಶೋಧನಾ ವರದಿ ಆದೇಶದ ಪ್ರಕಾರ, ಒಂದು ವರ್ಷದೊಳಗೆ ತೀರಿಸಬೇಕಾದ ಹೊಣೆಗಳನ್ನು ಕಂಪನಿ ತೀರಿಸಬಲ್ಲದೇ ಎಂಬ ಬಗ್ಗೆ ಪರಿಶೋಧಕರು ಅಭಿಪ್ರಾಯ ಬರೆಯಬೇಕು. 5 ಕೋಟಿ ರೂಪಾಯಿ ಮೀರಿದ ದುಡಿಯುವ ಬಂಡವಾಳದ (ದಿನನಿತ್ಯದ ವಹಿವಾಟಿನ) ಸಾಲದ ಮಿತಿ ಪಡೆದಿದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ವಿವರಗಳು ಲೆಕ್ಕದ ಪುಸ್ತಕಗಳಿಗೆ ಹೊಂದುತ್ತವೆಯೇ ಎಂಬುದನ್ನೂ ಹೇಳಬೇಕು. ಬ್ಯಾಂಕಿಗೆ ಒಂದು ದಾಸ್ತಾನು, ಪುಸ್ತಕದಲ್ಲಿ ಇನ್ನೊಂದು ದಾಸ್ತಾನು ತೋರಿಸುವ ಕಂಪನಿಯಲ್ಲಿ ನಾನೇಕೆ ಪಾಲುದಾರನಾಗಬೇಕು?

ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಸಾಲವೇ ಅವುಗಳ ಕಚ್ಚಾವಸ್ತು. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಮೂರು ತಿಂಗಳ ಕಂತು ಮುಂದೂಡಿಕೆಗೆ ಅವಕಾಶ ಕೊಟ್ಟು ಬಳಿಕ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಸಾಲಗಾರರಿಗೆ ಅದು ಅಗತ್ಯವಾಗಿತ್ತು. ಆದರೆ ಆ ಅವಧಿಯಲ್ಲಿ ಯಾವ ಸಾಲ ನಿಜವಾಗಿ ಕೆಟ್ಟಿದೆ ಎಂಬುದು ಹೊರಗಿನವರಿಗೆ ಕಾಣುವಂತಿರಲಿಲ್ಲ. ಹಾಗಾಗಿ ಆ ವರ್ಷ ನಾನು ಹೊಸದಾಗಿ ಯಾವ ಹಣಕಾಸು ಕಂಪನಿಯ ಷೇರನ್ನೂ ಕೊಳ್ಳಲಿಲ್ಲ.

ಎಷ್ಟು ಇಳಿದಾಗ ಎಷ್ಟು ಕೊಳ್ಳಬೇಕು ಎಂಬುದನ್ನು ಪೇಟೆ ಶಾಂತವಾಗಿರುವಾಗಲೇ ಬರೆದಿಡುತ್ತೇನೆ. ಸೂಚ್ಯಂಕ ತನ್ನ ಶಿಖರದಿಂದ ಶೇ 10 ಇಳಿದಾಗ ತೆಗೆದಿಟ್ಟ ಹಣದ ಒಂದು ಸಣ್ಣ ಭಾಗ, ಶೇ 20ಕ್ಕೆ ಅದಕ್ಕಿಂತ ದೊಡ್ಡದು, ಶೇ 30ಕ್ಕೆ ಇನ್ನೂ ದೊಡ್ಡದು, ಉಳಿದದ್ದು ಅದಕ್ಕೂ ಕೆಳಗೆ. ಕೆಳಗಿನ ಹಂತಗಳಿಗೆ ಹೆಚ್ಚು ಹಣ ಇಡುವುದಕ್ಕೆ ಕಾರಣವಿದೆ: ಶೇ 20 ಇಳಿದದ್ದು ಮೊದಲಿನ ಮಟ್ಟಕ್ಕೆ ಮರಳಲು ಶೇ 25 ಏರಿದರೆ ಸಾಕು, ಶೇ 40 ಇಳಿದದ್ದು ಮರಳುವಾಗ ಕೊಂಡವನಿಗೆ ಸಿಗುವುದು ಶೇ 67ರಷ್ಟು ಏರಿಕೆ. ಜೊತೆಗೆ, ಎರಡು ಖರೀದಿಗಳ ನಡುವೆ ಕೆಲವು ವಾರಗಳ ಅಂತರ ಇರಲೇಬೇಕು ಎಂಬ ಕಟ್ಟೂ ಇದೆ. 2008ರ ಜನವರಿಯಲ್ಲಿ 21,206 ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ ಹೊತ್ತಿಗೂ ಚೇತರಿಸಿಕೊಳ್ಳದೆ 8,200ಕ್ಕೂ ಕೆಳಗೆ ಇತ್ತು. ಮತ್ತೆ 21,000 ಮುಟ್ಟಿದ್ದು 2010ರ ನವೆಂಬರ್‌ನಲ್ಲಿ. 2020ರಲ್ಲಾದರೆ ನಿಫ್ಟಿ ಜನವರಿಯ ಮಟ್ಟವನ್ನು ಅದೇ ವರ್ಷದ ನವೆಂಬರ್‌ನಲ್ಲಿಯೇ ದಾಟಿತು. ನಿಧಾನದ ಇಳಿಕೆಯಲ್ಲಿ ಈ ಅಂತರ ಹಣವನ್ನು ಉಳಿಸಿಕೊಡುತ್ತದೆ. ವೇಗದ ಇಳಿಕೆಯಲ್ಲಿ ಸ್ವಲ್ಪ ಹಣ ಬಳಕೆಯಾಗದೆ ಉಳಿಯುತ್ತದೆ. 2020ರಲ್ಲಿ ನನಗೂ ಹಾಗೆಯೇ ಉಳಿಯಿತು, ಅದರ ಬಗ್ಗೆ ನನಗೆ ಕೊರಗಿಲ್ಲ.

ಈಗಾಗಲೇ ಕೈಯಲ್ಲಿರುವ ಷೇರುಗಳನ್ನು ಏನು ಮಾಡಬೇಕು ಎಂಬುದು ಹೊಸ ಖರೀದಿಗಿಂತ ಕಠಿಣವಾದ ವಿಷಯ. ಬೆಲೆ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಇನ್ನಷ್ಟು ಕೊಂಡು ಆವರೇಜ್ ಮಾಡುವ, ಅಂದರೆ ಸರಾಸರಿ ಖರೀದಿ ಬೆಲೆ ತಗ್ಗಿಸುವ, ಅಭ್ಯಾಸ ನಮ್ಮಲ್ಲಿ ಬಹಳ. ಸಾಲ ತೀರಿಸಲಾಗದೆ ದಿವಾಳಿ ಸಂಹಿತೆಯ ಅಡಿಗೆ ಹೋದ ಕಂಪನಿಯಲ್ಲಿ ಷೇರುದಾರನ ಸರದಿ ಎಲ್ಲರಿಗಿಂತ ಕೊನೆಯದು. ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್‌ನ ಪ್ರಕರಣದಲ್ಲಿ 2021ರಲ್ಲಿ ಹೊಸ ಮಾಲೀಕರು ಬಂದಾಗ ಹಳೆಯ ಷೇರುದಾರರಿಗೆ ಏನೂ ಸಿಗಲಿಲ್ಲ, ಷೇರುಗಳೇ ಪೇಟೆಯಿಂದ ಮರೆಯಾದವು. 2020ರ ಮಾರ್ಚ್‌ನ ಯೆಸ್ ಬ್ಯಾಂಕ್ ಪುನಾರಚನೆಯಲ್ಲಿ ಬ್ಯಾಂಕು ಉಳಿಯಿತಾದರೂ, 100ಕ್ಕಿಂತ ಹೆಚ್ಚು ಷೇರು ಇದ್ದವರು ತಮ್ಮ ಹಿಡುವಳಿಯ ಶೇ 75ನ್ನು ಮೂರು ವರ್ಷ ಮಾರುವಂತಿರಲಿಲ್ಲ. ಇಂಥ ಪ್ರಕರಣಗಳನ್ನು ಓದಿದ ಮೇಲೆ ನಾನು ಪ್ರತಿ ಕಂಪನಿಗೂ ಒಂದು ಹಾಳೆ ಇಟ್ಟಿದ್ದೇನೆ: ಏಕೆ ಕೊಂಡೆ, ಯಾವ ಅಂಕಿಗಳನ್ನು ಗಮನಿಸುತ್ತಿದ್ದೇನೆ, ಯಾವುದು ಸಂಭವಿಸಿದರೆ ಮಾರುತ್ತೇನೆ. ಇಳಿಕೆಯ ನಡುವೆ ಆ ಹಾಳೆ ಓದಿ, ಕೊಂಡ ಕಾರಣ ಇನ್ನೂ ನಿಂತಿದ್ದರೆ ಇಟ್ಟುಕೊಳ್ಳುತ್ತೇನೆ, ಬಿದ್ದುಹೋಗಿದ್ದರೆ ನಷ್ಟದಲ್ಲಿಯೇ ಮಾರುತ್ತೇನೆ. ಆ ನಷ್ಟಕ್ಕೂ ಬೆಲೆಯಿದೆ. ಅಲ್ಪಾವಧಿ ನಷ್ಟವನ್ನು (ಕೊಂಡು ಒಂದು ವರ್ಷ ತುಂಬುವ ಮುಂಚೆ ಮಾರಿದ ಷೇರಿನದು) ಎರಡೂ ಬಗೆಯ ಬಂಡವಾಳ ಲಾಭಕ್ಕೆ ಎದುರಾಗಿ ಕಳೆಯಬಹುದು, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭಕ್ಕೆ ಮಾತ್ರ. ಉಳಿದದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಆದಾಯ ತೆರಿಗೆ ವಿವರವನ್ನು ಗಡುವಿನೊಳಗೆ ಸಲ್ಲಿಸಿರಬೇಕು. 2024ರ ಜುಲೈ 23ರಿಂದ ಅಲ್ಪಾವಧಿ ಲಾಭದ ತೆರಿಗೆ ಶೇ 20ಕ್ಕೂ, 1.25 ಲಕ್ಷ ರೂಪಾಯಿ ಮೀರಿದ ದೀರ್ಘಾವಧಿ ಲಾಭದ ತೆರಿಗೆ ಶೇ 12.5ಕ್ಕೂ ಏರಿದ ಮೇಲೆ ಈ ಲೆಕ್ಕ ಇನ್ನೂ ಮುಖ್ಯವಾಗಿದೆ.

2024ರ ಸೆಪ್ಟೆಂಬರ್ 27ರಂದು ನಿಫ್ಟಿ 26,277 ಮುಟ್ಟಿ ಅಲ್ಲಿಂದ ಶುರುವಾದ ಇಳಿಕೆಯ ಸ್ವಭಾವವೇ ಬೇರೆ. ವಿದೇಶಿ ಹೂಡಿಕೆದಾರರು ಅಕ್ಟೋಬರ್ ಒಂದೇ ತಿಂಗಳಲ್ಲಿ 90,000 ಕೋಟಿ ರೂಪಾಯಿಗೂ ಹೆಚ್ಚು ಹಣ ಹಿಂತೆಗೆದರು, ನಿಫ್ಟಿ ಫೆಬ್ರುವರಿಯವರೆಗೆ ಸತತ ಐದು ತಿಂಗಳು ಇಳಿಯಿತು, ಅಮೆರಿಕದ ಸುಂಕದ ಆತಂಕದಲ್ಲಿ 2025ರ ಏಪ್ರಿಲ್ 7ರಂದು 21,744ರ ಆಸುಪಾಸಿಗೆ ಬಂದಿತು. ಅಷ್ಟಾದರೂ ಸೂಚ್ಯಂಕ ಕಳೆದುಕೊಂಡದ್ದು ಸುಮಾರು ಶೇ 17. ಅನೇಕ ಸಣ್ಣ ಕಂಪನಿಗಳ ಷೇರುಗಳು ಅದಕ್ಕಿಂತ ಬಹಳ ಹೆಚ್ಚು ಇಳಿದವು. ಇಲ್ಲಿ ಕಂಪನಿಗಳು ಸಾಯುವ ಭಯವಿರಲಿಲ್ಲ, ಒಳ್ಳೆಯ ಕಂಪನಿಗೆ ಕೊಟ್ಟಿದ್ದ ಬೆಲೆ ಅತಿಯಾಗಿತ್ತು. ಹಾಗಾಗಿ ಈ ಬಾರಿ ನಾನು ಸಾಲದ ಲೆಕ್ಕದ ಜೊತೆಗೆ ಹಂಚಿಕೆಯ ಲೆಕ್ಕಕ್ಕೆ ಹೆಚ್ಚು ಸಮಯ ಕೊಟ್ಟೆ. ಯಾವ ಒಂದು ಕಂಪನಿಯೂ ಒಟ್ಟು ಹೂಡಿಕೆಯ ಶೇ 10ನ್ನು, ಯಾವ ಒಂದು ಕ್ಷೇತ್ರವೂ ಶೇ 25ನ್ನು ಮೀರಬಾರದು ಎಂಬುದು ನನ್ನ ಮಿತಿ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಆ ಫೆಬ್ರುವರಿಯಲ್ಲಿ ಫೋನ್ ಮಾಡಿ, "ಮಾವ, ನಿಫ್ಟಿ ಇನ್ನೂ ಎಷ್ಟು ಇಳಿಯಬಹುದು?" ಎಂದು ಕೇಳಿದ. "ಅದನ್ನು ನಾನು ಹೇಳಲಾರೆ ಕಣೋ. ನಿನ್ನ ಸಂಬಳ ನಿಂತರೆ ಎಷ್ಟು ತಿಂಗಳು ಮನೆ ನಡೆಯುತ್ತದೆ, ಅದನ್ನು ಹೇಳು" ಎಂದೆ. ಅವನ ಸಂಬಳ ಆ ಕ್ಷೇತ್ರದ್ದು, ಕಂಪನಿ ಕೊಟ್ಟ ಷೇರುಗಳು ಆ ಕ್ಷೇತ್ರದವು, ಸ್ವಂತವಾಗಿ ಕೊಂಡವುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಅವೇ. ಅಮೆರಿಕದ ಗ್ರಾಹಕರು ಖರ್ಚು ಕಡಿಮೆ ಮಾಡಿದರೆ ಮೂರೂ ಒಟ್ಟಿಗೆ ಬಾಡುತ್ತವೆ. ಬೆಂಗಳೂರಿನ ಎಷ್ಟೋ ಮನೆಗಳ ಸ್ಥಿತಿ ಇದೇ ಎಂಬುದು ನನ್ನ ಚಿಂತೆ. ಅವನು ಒಂದೇ ಸಲಕ್ಕೆ ಎಲ್ಲವನ್ನೂ ಮಾರದೆ, ಹೊಸ ಹಣವನ್ನೆಲ್ಲ ಬೇರೆ ಕ್ಷೇತ್ರಗಳಿಗೂ ಸೂಚ್ಯಂಕ ನಿಧಿಯ ಎಸ್‌ಐಪಿಗೂ (ತಿಂಗಳ ಕಂತಿನ ಹೂಡಿಕೆ) ತಿರುಗಿಸಿ, ಒಂದು ವರ್ಷ ತುಂಬಿದ ಷೇರುಗಳನ್ನು 1.25 ಲಕ್ಷದ ಲಾಭದ ವಿನಾಯಿತಿಯೊಳಗೆ ವರ್ಷವರ್ಷವೂ ಕರಗಿಸುವ ದಾರಿ ಹಿಡಿದಿದ್ದಾನೆ.

ನಷ್ಟವನ್ನು ಬೇಗ ತುಂಬಿಕೊಳ್ಳಲು ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ಬೆಲೆಯ ಮೇಲಿನ ಒಪ್ಪಂದಗಳ ವಹಿವಾಟು) ಕಡೆಗೆ ಹೋಗಲೇ ಎಂದು ಕೇಳುವವರಿಗೆ ನಾನು ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೋರಿಸುತ್ತೇನೆ: 2021-22ರಿಂದ ಮೂರು ವರ್ಷಗಳಲ್ಲಿ ಅಲ್ಲಿ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಕಂಡಿದ್ದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು.

ಪೇಟೆ ಚೇತರಿಸಿಕೊಂಡ ಮೇಲೆ ಮಾಡುವ ಕೆಲಸ ಇನ್ನೊಂದಿದೆ. ಯಾವುದಾದರೂ ಷೇರು ಏರಿ ಶೇ 10ರ ಮಿತಿ ದಾಟಿದಾಗ, ಹೆಚ್ಚಾದ ಭಾಗವನ್ನು ಮಾರಿ ಬಂದ ಹಣವನ್ನು ಲಿಕ್ವಿಡ್ ಫಂಡ್‌ಗೆ ಹಾಕುತ್ತೇನೆ, ಐದನೇ ಒಂದು ಭಾಗ ಮತ್ತೆ ತುಂಬುವವರೆಗೆ. 2021ರ ಏರಿಕೆಯಲ್ಲಿ ಹಾಗೆ ತುಂಬಿಸಿದ ಹಣವೇ 2025ರ ಮಾರ್ಚ್ ಮತ್ತು ಏಪ್ರಿಲ್‌ನ ಖರೀದಿಗೆ ಒದಗಿತು. ಆಗ ಕೊಂಡ ಕಂಪನಿಗಳ ಹೊಸ ವಾರ್ಷಿಕ ವರದಿಗಳು ಬಂದಾಗಲೂ ನಾನು ಮೊದಲು ತೆರೆದದ್ದು ಪರಿಶೋಧಕರ ಅನುಬಂಧವನ್ನು, ನಂತರ ಒಂದು ವರ್ಷದೊಳಗಿನ ಸಾಲದ ಟಿಪ್ಪಣಿಯನ್ನು.